ಮೂಲೆಯಲ್ಲಿ 'ವೈರಸ್ ಬಂದಿದೆ' ಅಂತ ಬರ್ತಾನೇ ಇದೆ, ಸ್ಕ್ಯಾನ್ ಮಾಡಿದ್ರೆ ಏನೂ ಇಲ್ಲ ಅನ್ನುತ್ತೆ. ಫಾರ್ಮ್ಯಾಟ್ ಮಾಡಿಸಲೇಬೇಕಾ?

ಪ್ರಶ್ನೆ: ಜಮಖಂಡಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಜಮಖಂಡಿಯಲ್ಲಿ ಹೈಸ್ಕೂಲ್ ಕನ್ನಡ ಟೀಚರ್. ಮನೆಯಲ್ಲಿರೋದು ಒಂದೇ ಡೆಸ್ಕ್‌ಟಾಪ್. 2017ರಲ್ಲಿ ತಗೊಂಡದ್ದು, ವಿಂಡೋಸ್ 10, 4 ಜಿಬಿ ರ್‍ಯಾಮ್. ಪ್ರಶ್ನೆಪತ್ರಿಕೆ, ನೋಟ್ಸ್ ಎಲ್ಲ ಅದರಲ್ಲೇ ನುಡಿಯಲ್ಲಿ ಟೈಪ್ ಮಾಡ್ತೀನಿ. ಮನೆಯವರು ಕಬ್ಬಿನ ಬಿಲ್ಲು, ದ್ರಾಕ್ಷಿ ಲೆಕ್ಕ ಎಕ್ಸೆಲ್‌ನಲ್ಲಿ ಇಡ್ತಾರೆ. ಮಗ ಡಿಪ್ಲೊಮಾ ಓದ್ತಿದ್ದಾನೆ, ಅವನ ಪ್ರಾಜೆಕ್ಟು, ಗೇಮು ಎಲ್ಲ ಅದರ ಮೇಲೇ.

ತೊಂದರೆ ಏನಂದ್ರೆ, ಪರದೆಯ ಬಲಗಡೆ ಕೆಳಗಿನ ಮೂಲೆಯಲ್ಲಿ ಹೊತ್ತು ಗೊತ್ತಿಲ್ಲದೆ ಕೆಂಪು ನೋಟಿಸ್ ಬರ್ತಿದೆ. 'ನಿಮ್ಮ ಪಿಸಿಯಲ್ಲಿ 5 ವೈರಸ್ ಸಿಕ್ಕಿವೆ, ಈಗಲೇ ರಿನ್ಯೂ ಮಾಡಿ' ಅಂತ. ನಾವು ಯಾವತ್ತೂ ಹಾಕಿಸದ ಆಂಟಿವೈರಸ್ ಹೆಸರಲ್ಲಿ ಬರುತ್ತೆ. ಮುಚ್ಚಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಹಾಜರ್.

ಇನ್ನೊಂದು ಪೆನ್‌ಡ್ರೈವ್ ಕಥೆ. ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಸೋಕೆ ಶಾಲೆ ಹತ್ತಿರದ ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದೆ. ತಿರುಗಿ ತಂದು ಹಾಕಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಪ್ರತಿ ಫೋಲ್ಡರಿಗೂ ಒಂದು ಸಣ್ಣ ಬಾಣದ ಗುರುತು. ಭಯವಾಗಿ ತೆಗೆದಿಟ್ಟಿದ್ದೀನಿ, ಒಂದನ್ನೂ ಒತ್ತಿಲ್ಲ. ಒಂಬತ್ತನೇ ತರಗತಿಯ ಒಂದು ವರ್ಷದ ನೋಟ್ಸ್ ಅದರಲ್ಲಿದೆ.

ಇವೆರಡಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ, ಆದರೆ ಇತ್ತೀಚೆಗೆ ಏನೂ ಕೆಲಸ ಮಾಡದೆ ಸುಮ್ನೆ ಇಟ್ಟಾಗಲೂ ಫ್ಯಾನ್ ಜೋರಾಗಿ ತಿರುಗುತ್ತೆ. ಏನಾಗ್ತಿದೆ ಅಂತ ನೋಡೋಕೆ ಮಗ ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಫ್ಯಾನ್ ಸುಮ್ಮನಾಗುತ್ತೆ. ವಿಂಡೋಸ್ ಜೊತೆ ಬರುವ ಡಿಫೆಂಡರ್‌ನಲ್ಲಿ ಫುಲ್ ಸ್ಕ್ಯಾನ್ ಮಾಡಿದ್ವಿ. 'ಯಾವ ತೊಂದರೆಯೂ ಇಲ್ಲ' ಅಂತ ಹಸಿರು ಟಿಕ್ ತೋರಿಸ್ತು.

ಇಲ್ಲಿ ಒಬ್ಬರು ಅಂಗಡಿಯವರು 'ಫಾರ್ಮ್ಯಾಟ್ ಮಾಡಿ, ವಿಂಡೋಸ್, ಆಫೀಸ್, ಆಂಟಿವೈರಸ್ ಎಲ್ಲ ಸೇರಿಸಿ ಹಾಕ್ಕೊಡ್ತೀವಿ, ಎರಡು ಸಾವಿರ ಆಗುತ್ತೆ' ಅಂತಿದ್ದಾರೆ. ದುಡ್ಡಿನ ಪ್ರಶ್ನೆ ಅಲ್ಲ. ಪರೀಕ್ಷೆ ಹತ್ತಿರ ಬಂದಿದೆ, ನನ್ನ ಫೈಲುಗಳು ಹೋಗಬಾರದು. ತಿಳಿದವರು ದಾರಿ ಹೇಳಿ.

ಉತ್ತರ: ಬೆಳಗಾವಿ ಹುಡುಗ

ಟೀಚರ್, ಮೊದಲು ಆ ಮೂಲೆಯ ನೋಟಿಸ್ ಬಗ್ಗೆ ಸಮಾಧಾನ ಮಾಡಿಕೊಳ್ಳಿ. ನಮ್ಮ ಹಾಸ್ಟೆಲ್‌ನಲ್ಲಿ ಅರ್ಧ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಕಾಟ ಇತ್ತು. ಅದು ವೈರಸ್ ಅಲ್ಲ, ಆಂಟಿವೈರಸ್ಸೂ ಅಲ್ಲ. ಕ್ರೋಮ್ ತೋರಿಸೋ ಜಾಹೀರಾತು.

ಯಾವುದೋ ಒಂದು ಸೈಟ್ ತೆರೆದಾಗ 'ಈ ಸೈಟ್ ನಿಮಗೆ ನೋಟಿಫಿಕೇಶನ್ ಕಳಿಸಬಹುದಾ' ಅಂತ ಮೇಲ್ಗಡೆ ಒಂದು ಸಣ್ಣ ಡಬ್ಬಿ ಕೇಳುತ್ತೆ. 'ಅಲೋ ಒತ್ತಿದರೆ ಮಾತ್ರ ವಿಡಿಯೋ ಓಡುತ್ತೆ' ಅಂತ ಆ ಪುಟದಲ್ಲಿ ಸುಳ್ಳು ಬರೆದಿರ್ತಾರೆ. ಯಾರಾದರೂ ಒಮ್ಮೆ ಒತ್ತಿದರೆ ಸಾಕು. ಆಮೇಲೆ ಆ ಸೈಟ್ ಮುಚ್ಚಿದ್ದರೂ ನೋಟಿಸ್ ಬರ್ತಾನೇ ಇರುತ್ತೆ. ಗಮನಿಸಿ ನೋಡಿ, ಆ ಕೆಂಪು ಡಬ್ಬಿಯ ಒಳಗೆ ಸಣ್ಣ ಅಕ್ಷರದಲ್ಲಿ ಕ್ರೋಮ್ ಹೆಸರು, ಪಕ್ಕದಲ್ಲಿ ಒಂದು ವಿಚಿತ್ರ ಸೈಟ್ ವಿಳಾಸ ಇರುತ್ತೆ.

ತೆಗೆಯೋದು ಹೀಗೆ. ಕ್ರೋಮ್‌ನ ಬಲಗಡೆ ಮೂರು ಚುಕ್ಕಿ, ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಅನುಮತಿ ಇರುವ ಸೈಟುಗಳ ಪಟ್ಟಿ ಇರುತ್ತೆ. ಗುರುತಿಲ್ಲದ್ದನ್ನೆಲ್ಲ ರಿಮೂವ್ ಮಾಡಿ. ಅದೇ ಪುಟದಲ್ಲಿ ಯಾವ ಸೈಟೂ ಕೇಳಲೇಬಾರದು ಅನ್ನೋ ಆಯ್ಕೆ ಇದೆ, ಅದನ್ನೂ ಹಾಕಿಬಿಡಿ. ಮನೆಯ ಕಂಪ್ಯೂಟರ್‌ಗೆ ಅದರಿಂದ ಯಾವ ನಷ್ಟವೂ ಇಲ್ಲ. ಹಾಗೇ ಕ್ರೋಮ್‌ನ ಎಕ್ಸ್‌ಟೆನ್ಷನ್ ಪಟ್ಟಿಯನ್ನೂ ಒಮ್ಮೆ ನೋಡಿ, ನೀವು ಹಾಕದ್ದು ಏನಾದರೂ ಇದ್ದರೆ ಅಳಿಸಿ.

ಇಷ್ಟಕ್ಕೆ ಫಾರ್ಮ್ಯಾಟ್ ಬೇಡ ಅಂತ ನನ್ನ ಅಭಿಪ್ರಾಯ. ಫ್ಯಾನ್ ವಿಷಯ ಮಾತ್ರ ಗೊತ್ತಾಗ್ತಿಲ್ಲ. ಧೂಳು ಇರಬಹುದಾ?

ಉತ್ತರ: ರಿಪೇರಿಯವ, ವಿಜಯಪುರ

ತಮ್ಮ ಹೇಳಿದ ನೋಟಿಫಿಕೇಶನ್ ವಿಷಯ ನೂರಕ್ಕೆ ನೂರು ಸರಿ. ಅದನ್ನು ಮಾಡಿ ಮೇಡಂ. ಆದರೆ ಫ್ಯಾನ್ ವಿಷಯ ಧೂಳಲ್ಲ. ನಮ್ಮ ವಿಜಯಪುರದ ಬೇಸಿಗೆ, ಧೂಳು ಎರಡನ್ನೂ ದಿನಾ ನೋಡುವವನು ನಾನು. ಇಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ ನಂದು. ಧೂಳು ಕೂತ ಫ್ಯಾನ್ ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಸುಮ್ಮನಾಗೋದಿಲ್ಲ.

ನೀವು ಬರೆದ ಆ ಒಂದು ಸಾಲು ನನ್ನನ್ನು ನಿಲ್ಲಿಸಿತು. ಯಾರೂ ನೋಡದಿದ್ದಾಗ ಕೆಲಸ, ನೋಡೋಕೆ ಬಂದ ತಕ್ಷಣ ಗಪ್‌ಚಿಪ್. ಇದು ಮೈನರ್ ಲಕ್ಷಣ. ಅಂದರೆ ನಿಮ್ಮ ಕಂಪ್ಯೂಟರ್, ನಿಮ್ಮ ಕರೆಂಟ್ ಬಳಸಿ ಬೇರೆ ಯಾರಿಗೋ ಕ್ರಿಪ್ಟೊ ಹಣ ಗಳಿಸಿಕೊಡುವ ಪ್ರೋಗ್ರಾಂ. ಸಿಕ್ಕಿಹಾಕಿಕೊಳ್ಳಬಾರದು ಅಂತ ಟಾಸ್ಕ್ ಮ್ಯಾನೇಜರ್ ತೆರೆದಾಗ ತಾನಾಗಿ ನಿಲ್ಲುವ ಹಾಗೆ ಬರೆದಿರ್ತಾರೆ.

ಹಾಗಾದರೆ ಡಿಫೆಂಡರ್ ಯಾಕೆ ಹಸಿರು ಟಿಕ್ ತೋರಿಸ್ತು? ಇದನ್ನು ಈಗಲೇ ನೋಡಿ ಹೇಳಿ. ಸ್ಟಾರ್ಟ್ ಒತ್ತಿ 'ವಿಂಡೋಸ್ ಸೆಕ್ಯೂರಿಟಿ' ಅಂತ ಹುಡುಕಿ ತೆರೆಯಿರಿ. ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ 'ಮ್ಯಾನೇಜ್ ಸೆಟ್ಟಿಂಗ್ಸ್' ಇದೆ. ಅದರಲ್ಲಿ ತೀರಾ ಕೆಳಗೆ ಹೋದರೆ 'ಎಕ್ಸ್‌ಕ್ಲೂಷನ್ಸ್' ಅಂತ ಸಿಗುತ್ತೆ. ಡಿಫೆಂಡರ್ ಏನನ್ನು ನೋಡಬಾರದು ಅನ್ನೋ ಪಟ್ಟಿ ಅದು. ಮನೆಯ ಕಂಪ್ಯೂಟರ್‌ನಲ್ಲಿ ಆ ಪಟ್ಟಿ ಖಾಲಿ ಇರಬೇಕು. ನಿಮ್ಮಲ್ಲಿ ಏನಿದೆ?

ಮಗನನ್ನೂ ಒಂದು ಮಾತು ಕೇಳಿ. ಬೈಬೇಡಿ, ಬೈದರೆ ಹೇಳೋದಿಲ್ಲ. ಯಾವುದಾದರೂ ಗೇಮ್ ಅಥವಾ ಸಾಫ್ಟ್‌ವೇರ್‌ನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಓಡಿಸೋಕೆ ಬೀಗ ಮುರಿದ ಕಳ್ಳ ಪ್ರತಿ, ಹಾಕಿದ್ದಾನಾ ಅಂತ. ಹಾಕುವಾಗ 'ಆಂಟಿವೈರಸ್ ಆಫ್ ಮಾಡಿ' ಅಂತ ಅದು ಕೇಳಿತ್ತಾ ಅಂತ.

ಇದನ್ನು ಯಾಕೆ ಕೇಳ್ತಿದ್ದೀನಿ ಅಂದರೆ, ನನ್ನ ಅಂಗಡಿಗೆ ಬರುವ ದೊಡ್ಡ ಕೇಸುಗಳ ಬೇರು ಹುಡುಕಿದರೆ ಬಹುತೇಕ ಅಲ್ಲೇ ಸಿಗುತ್ತೆ. ಸಿಂದಗಿ ಕಡೆಯ ಒಬ್ಬರು ಹೋದ ಲಗ್ನದ ಸೀಸನ್‌ನಲ್ಲಿ ಸಿಪಿಯು ಹೊತ್ತುಕೊಂಡು ಬಂದಿದ್ದರು. ಫ್ಲೆಕ್ಸ್, ಲಗ್ನಪತ್ರಿಕೆ ಡಿಸೈನ್ ಮಾಡುವವರು. ಕೋರೆಲ್‌ಡ್ರಾ ಕ್ರ್ಯಾಕ್ ಹಾಕಿದ ಮಾರನೇ ದಿನ ಎಲ್ಲ ಡಿಸೈನುಗಳ ಐಕಾನ್ ಬಿಳಿ ಕಾಗದದ ಹಾಗೆ ಬದಲಾಗಿತ್ತು. ಪ್ರತಿ ಫೈಲ್ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕು ಅಕ್ಷರ ಅಂಟಿಕೊಂಡಿತ್ತು. ಪ್ರತಿ ಫೋಲ್ಡರಿನಲ್ಲೂ ಒಂದು 'ರೀಡ್‌ಮಿ' ಟೆಕ್ಸ್ಟ್ ಫೈಲ್. ತೆರೆದರೆ, 980 ಡಾಲರ್ ಕೊಡಿ, 72 ಗಂಟೆ ಒಳಗಾದರೆ ಅರ್ಧ, 490 ಡಾಲರ್ ಅಂತ ಬರೆದಿತ್ತು. ಇದು ಸ್ಟಾಪ್ ಅಥವಾ ಡಿಜೆವಿಯು ಅನ್ನುವ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್. ಇದು ಹರಡೋದೇ ಹೆಚ್ಚಾಗಿ ಕ್ರ್ಯಾಕ್‌ಗಳ ಮೂಲಕ. 2019ರ ಅಕ್ಟೋಬರ್‌ನಲ್ಲಿ ಎಮ್ಸಿಸಾಫ್ಟ್ ಕಂಪನಿ ಇದಕ್ಕೆ ಉಚಿತ ಟೂಲ್ ಬಿಟ್ಟಿತು. ಕೆಲವು ಹಳೆಯ ತಳಿಗಳಿಗೆ ಕೆಲಸ ಮಾಡುತ್ತೆ. ಇವರದ್ದಕ್ಕೆ ಮಾಡಲಿಲ್ಲ, ಯಾಕಂದ್ರೆ ಇವರ ಮಷೀನಿಗೆ ಅಂತಲೇ ಬೇರೆ ಕೀ ತಯಾರಾಗಿತ್ತು. ಯುರೋಪೋಲ್, ಡಚ್ ಪೊಲೀಸರು ಮತ್ತು ಕೆಲವು ಕಂಪನಿಗಳು 2016ರಲ್ಲಿ ಶುರು ಮಾಡಿದ 'ನೋ ಮೋರ್ ರಾನ್ಸಮ್' ಸೈಟ್‌ನಲ್ಲೂ ನೋಡಿದೆವು. ಸಿಗಲಿಲ್ಲ.

ಅವರ ಹತ್ತಿರ ಬ್ಯಾಕಪ್ ಇರಲಿಲ್ಲ ಅಂತಲ್ಲ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇತ್ತು. ಆದರೆ ಅದು ಹಗಲೂ ರಾತ್ರಿ ಸಿಪಿಯುಗೆ ಚುಚ್ಚಿಯೇ ಇರ್ತಿತ್ತು. ಅದರಲ್ಲಿದ್ದದ್ದೂ ಲಾಕ್ ಆಯಿತು. ಕೊನೆಗೆ ಉಳಿದದ್ದು, ಪ್ರೂಫ್ ನೋಡಲಿ ಅಂತ ಗಿರಾಕಿಗಳಿಗೆ ಮೇಲ್ ಮಾಡಿದ್ದ ಪಿಡಿಎಫ್‌ಗಳು ಮಾತ್ರ. ಜೀಮೇಲ್‌ನ ಸೆಂಟ್ ಫೋಲ್ಡರ್‌ನಿಂದ ಒಂದೊಂದಾಗಿ ಇಳಿಸಿಕೊಂಡರು.

ನಿಮಗೆ ಇನ್ನೂ ಅಂಥದ್ದೇನೂ ಆಗಿಲ್ಲ. ಅದಕ್ಕೇ ಅವಸರ ಮಾಡಿ ಹೇಳ್ತಿದ್ದೀನಿ. ಎಕ್ಸ್‌ಕ್ಲೂಷನ್ಸ್ ನೋಡಿ ಬರೆಯಿರಿ. ಅಲ್ಲಿಯವರೆಗೆ ಆ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ.

ಜಮಖಂಡಿ ಟೀಚರ್

ಇಬ್ಬರಿಗೂ ತುಂಬಾ ಧನ್ಯವಾದ. ತಮ್ಮಾ, ನೀನು ಹೇಳಿದ ಜಾಗದಲ್ಲಿ ಗುರುತೇ ಇಲ್ಲದ ಸೈಟುಗಳ ಸಾಲೇ ಇತ್ತು. ಎಲ್ಲ ತೆಗೆದೆ. ಆಗಿನಿಂದ ಕೆಂಪು ನೋಟಿಸ್ ಬಂದಿಲ್ಲ.

ಆದರೆ ಸರ್, ಎಕ್ಸ್‌ಕ್ಲೂಷನ್ಸ್ ತೆರೆದರೆ ಅಲ್ಲಿ ಒಂದೇ ಒಂದು ಸಾಲಿದೆ. 'ಸಿ' ಅಕ್ಷರ, ಮುಂದೆ ಎರಡು ಚುಕ್ಕಿ, ಒಂದು ಓರೆ ಗೆರೆ. ಅಷ್ಟೇ. ಅಂದರೆ ಇಡೀ ಸಿ ಡ್ರೈವ್ ಅಲ್ವಾ?

ಮಗನನ್ನು ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದೆ. ಗೇಮ್ ಒಂದರ ಕ್ರ್ಯಾಕ್ ಹಾಕಿದ್ದಾನೆ. ಆಫೀಸ್ ಆಕ್ಟಿವೇಟ್ ಮಾಡೋಕೆ ಅಂತ ಗೆಳೆಯನಿಂದ ಒಂದು ಟೂಲ್ ತಂದು ಅದನ್ನೂ ಓಡಿಸಿದ್ದಾನೆ. ಎರಡಕ್ಕೂ ಡಿಫೆಂಡರ್ ಆಫ್ ಮಾಡಬೇಕಿತ್ತಂತೆ. ಆದರೆ ಸಿ ಡ್ರೈವ್ ಅನ್ನು ಪಟ್ಟಿಗೆ ಹಾಕಿದ್ದು ತಾನಲ್ಲ ಅಂತಾನೆ. ಅವನು ಸುಳ್ಳು ಹೇಳೋ ಹುಡುಗ ಅಲ್ಲ.

ಈಗ ಆ ಸಾಲನ್ನು ಅಳಿಸಿ ಮತ್ತೆ ಸ್ಕ್ಯಾನ್ ಮಾಡಿದರೆ ಸಾಕಾ?

ರಿಪೇರಿಯವ, ವಿಜಯಪುರ

ಹುಡುಗ ನಿಜಾನೇ ಹೇಳಿದ್ದಾನೆ. ಅವನು ಹಾಕಿಲ್ಲ. ಡಿಫೆಂಡರ್ ಆಫ್ ಆಗಿದ್ದ ಆ ಸ್ವಲ್ಪ ಹೊತ್ತಿನಲ್ಲಿ, ಅಡ್ಮಿನ್ ಅಧಿಕಾರ, ಅಂದರೆ ಏನನ್ನಾದರೂ ಬದಲಿಸುವ ಅಧಿಕಾರ, ಸಿಕ್ಕ ಆ ಟೂಲೇ ತನ್ನ ರಕ್ಷಣೆಗೆ ಆ ಸಾಲು ಸೇರಿಸಿರುತ್ತೆ. ಆಮೇಲೆ ಡಿಫೆಂಡರ್ ಮತ್ತೆ ಆನ್ ಮಾಡಿದರೂ ಉಪಯೋಗ ಇಲ್ಲ. ವಾಚ್‌ಮನ್‌ನನ್ನು ಇಟ್ಟುಕೊಂಡು, ಮನೆ ಒಳಗೆ ಏನೇ ನಡೆದರೂ ನೋಡಬೇಡ ಅಂದ ಹಾಗೆ ಅದು.

ಸಾಲು ಅಳಿಸಿ ಸ್ಕ್ಯಾನ್ ಮಾಡಿದರೆ ಒಂದಷ್ಟು ಸಿಗುತ್ತೆ. 'ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ಅಂತಲೂ ಇದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗಿ ವಿಂಡೋಸ್ ಶುರುವಾಗುವ ಮೊದಲೇ ಹುಡುಕುತ್ತೆ, ಅದನ್ನೂ ಮಾಡಿ. ಆದರೆ ಇಷ್ಟು ದಿನ ಬಾಗಿಲು ತೆರೆದಿದ್ದ ಮಷೀನನ್ನು ನಾನು ನಂಬೋದಿಲ್ಲ. ಇಲ್ಲಿ ಫಾರ್ಮ್ಯಾಟೇ ಸರಿ. ನಿಮ್ಮ ಊರಿನ ಅಂಗಡಿಯವರು ಹೇಳಿದ್ದು ತಪ್ಪಲ್ಲ. ಆದರೆ ಅವರು ಯಾವ ವಿಂಡೋಸ್, ಯಾವ ಆಫೀಸ್ ಹಾಕ್ತಾರೆ ಅಂತ ಕೇಳಿ. ಎರಡು ಸಾವಿರದಲ್ಲಿ ಆಫೀಸೂ ಬರುತ್ತೆ ಅಂದರೆ ಅದೂ ಬಹುಶಃ ಅದೇ ಥರದ ಟೂಲ್‌ನಿಂದ ಆಕ್ಟಿವೇಟ್ ಆದದ್ದು. ಹಾಗಾದರೆ ದುಡ್ಡು ಕೊಟ್ಟು ಇದ್ದಲ್ಲಿಗೇ ಬಂದ ಹಾಗೆ.

ಇನ್ನೊಂದು ವಿಷಯ. ತುಂಬಾ ಕಡೆ ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿ ಡಿ ಹಾಗೇ ಬಿಡ್ತಾರೆ. ಗಿರಾಕಿಯ ಫೈಲ್ ಉಳಿಯಲಿ ಅಂತ. ಆದರೆ ಗೇಮ್‌ನ ಸೆಟಪ್, ಕ್ರ್ಯಾಕ್ ಎಲ್ಲ ಡಿಯಲ್ಲೇ ಕೂತಿರುತ್ತೆ. ಒಂದು ವಾರಕ್ಕೆ ಹುಡುಗ ಮತ್ತೆ ಅದನ್ನೇ ಒತ್ತುತ್ತಾನೆ. ಹಾಗಾಗಿ ಎರಡನ್ನೂ ಅಳಿಸಬೇಕು. ಅದಕ್ಕೆ ಮೊದಲು ಬೇಕಾದದ್ದನ್ನು ಹೊರಗೆ ತೆಗೆಯಬೇಕು.

ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಗೊಳ್ಳಿ. ನಿಮ್ಮ ನುಡಿ ಫೈಲು, ವರ್ಡ್, ಎಕ್ಸೆಲ್, ಪಿಡಿಎಫ್, ಫೋಟೋ ಮಾತ್ರ ಕಾಪಿ ಮಾಡಿ. ಹೆಸರಿನ ಕೊನೆಗೆ 'ಇಎಕ್ಸ್‌ಇ' ಇರೋದು, ಸೆಟಪ್ ಅಂತ ಇರೋದು ಒಂದೂ ಬೇಡ. ನುಡಿಯ ಹಳೇ ಸೆಟಪ್ ಕೂಡ ಬೇಡ. ನುಡಿ ಉಚಿತವಾಗಿ ಸಿಗುವ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ಸೈಟ್‌ನಿಂದಲೇ ಹೊಸದಾಗಿ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಎಲ್ಲ 'ನುಡಿ ಡೌನ್‌ಲೋಡ್' ಸೈಟುಗಳನ್ನೂ ನಂಬಬೇಡಿ.

ಆ ಶಾರ್ಟ್‌ಕಟ್ ಪೆನ್‌ಡ್ರೈವ್‌ನಲ್ಲಿ ನಿಮ್ಮ ನೋಟ್ಸ್ ಹೋಗಿಲ್ಲ. ಅಲ್ಲೇ ಇದೆ, ಕಣ್ಣಿಗೆ ಕಾಣದ ಹಾಗೆ ಬಚ್ಚಿಟ್ಟಿದೆ ಅಷ್ಟೇ. ಯಾವುದಾದರೂ ಒಂದು ಶಾರ್ಟ್‌ಕಟ್ ಮೇಲೆ ಬಲಗಡೆ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಡಬಲ್ ಕ್ಲಿಕ್ ಬೇಡ. 'ಟಾರ್ಗೆಟ್' ಅನ್ನುವ ಸಾಲಿನಲ್ಲಿ ಫೋಲ್ಡರ್ ಹೆಸರಿನ ಬದಲು 'ಸಿಎಂಡಿ' ಅಂತಲೋ 'ಡಬ್ಲ್ಯೂಸ್ಕ್ರಿಪ್ಟ್' ಅಂತಲೋ ಇರುತ್ತೆ. ಅಂದರೆ ಒತ್ತಿದರೆ ಮೊದಲು ವೈರಸ್ ಓಡುತ್ತೆ, ಆಮೇಲೆ ನಿಮಗೆ ಅನುಮಾನ ಬರಬಾರದು ಅಂತ ಫೋಲ್ಡರ್ ತೆರೆಯುತ್ತೆ. ನೀವು ಒತ್ತದೇ ಬಿಟ್ಟದ್ದು ಬಹಳ ಒಳ್ಳೇದಾಯ್ತು. ಹೊಸ ವಿಂಡೋಸ್ ಹಾಕಿದ ಮೇಲೆ, ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಒಳಗೆ 'ಹಿಡನ್ ಐಟಮ್ಸ್'ಗೆ ಟಿಕ್ ಹಾಕಿ. ಆಪ್ಷನ್ಸ್ ಒಳಗೆ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್' ಟಿಕ್ ತೆಗೆಯಿರಿ. ಮಸುಕಾದ ಬಣ್ಣದಲ್ಲಿ ನಿಜವಾದ ಫೋಲ್ಡರುಗಳು ಕಾಣುತ್ತವೆ. ಅದರೊಳಗಿನ ಫೈಲುಗಳನ್ನು ಕಾಪಿ ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

ವಿಂಡೋಸ್‌ಗೆ ದುಡ್ಡು ಕೊಡಬೇಕಾಗಿಲ್ಲ ಅನ್ಸುತ್ತೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಶನ್ ನೋಡಿ. ತಗೊಂಡಾಗಲೇ ಒರಿಜಿನಲ್ ಬಂದಿದ್ದರೆ 'ಡಿಜಿಟಲ್ ಲೈಸೆನ್ಸ್' ಅಂತ ಇರುತ್ತೆ. ಹಾಗಿದ್ದರೆ ಬೇರೆ ಚೊಕ್ಕ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಸೈಟ್‌ನಿಂದ 'ಮೀಡಿಯಾ ಕ್ರಿಯೇಶನ್ ಟೂಲ್' ಇಳಿಸಿ, ಖಾಲಿ ಇರುವ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಹಾಕಿಕೊಳ್ಳಿ. ಇನ್‌ಸ್ಟಾಲ್ ಮಾಡುವಾಗ ಕೀ ಕೇಳಿದರೆ 'ಇಲ್ಲ' ಅನ್ನಿ, ಮೊದಲಿದ್ದ ಎಡಿಷನ್ನೇ ಆರಿಸಿ. ನೆಟ್ ಸಿಕ್ಕ ಮೇಲೆ ತಾನಾಗಿ ಆಕ್ಟಿವೇಟ್ ಆಗುತ್ತೆ. ಆಫೀಸ್ ಬದಲು ಲಿಬ್ರೆ ಆಫೀಸ್ ಹಾಕಿ, ಅದು ಉಚಿತ. ಎಕ್ಸೆಲ್ ಫೈಲುಗಳನ್ನೂ ತೆರೆಯುತ್ತೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಇದನ್ನು ಇವತ್ತೇ ಮಾಡಿ, ಇನ್‌ಸ್ಟಾಲ್‌ಗೆ ಕಾಯಬೇಡಿ. ಈ ಥರದ ಟೂಲ್‌ಗಳು ಮೈನರ್ ಒಂದನ್ನೇ ತರೋದಿಲ್ಲ. ಕ್ರೋಮ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಕೂಡ ಜೊತೆಗೆ ಬರುತ್ತೆ. ಲುಮ್ಮಾ ಅನ್ನೋದು ಅಂಥದ್ದೊಂದು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಪೊಲೀಸರು ಅದರ ಜಾಲ ಹರಿದಾಗ, ಎರಡೇ ತಿಂಗಳಲ್ಲಿ 3,94,000ಕ್ಕೂ ಹೆಚ್ಚು ಕಂಪ್ಯೂಟರ್‌ಗಳಲ್ಲಿ ಅದು ಸಿಕ್ಕಿತ್ತು. ಅದು ಲಾಗಿನ್ ಆಗಿರುವ ಗುರುತನ್ನೇ ಕದಿಯುತ್ತೆ, ಕುಕೀ ಅಂತಾರಲ್ಲ ಅದು. ಅದು ಸಿಕ್ಕರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಹಾಗಾಗಿ ನಿಮ್ಮ ಮೊಬೈಲ್‌ನಿಂದ, ಆ ಕಂಪ್ಯೂಟರ್‌ನಿಂದ ಅಲ್ಲ, ಜೀಮೇಲ್ ಪಾಸ್‌ವರ್ಡ್ ಬದಲಿಸಿ. ಗೂಗಲ್ ಅಕೌಂಟ್‌ನ ಸೆಕ್ಯೂರಿಟಿ ಒಳಗೆ ಸಾಧನಗಳ ಪಟ್ಟಿ ಇದೆ, ಅದರಲ್ಲಿ ಈ ಕಂಪ್ಯೂಟರನ್ನು ಸೈನ್ ಔಟ್ ಮಾಡಿ. ಆಮೇಲೆ ಬ್ಯಾಂಕು, ಫೇಸ್‌ಬುಕ್ಕು, ಮನೆಯವರದ್ದು, ಮಗನದ್ದು ಎಲ್ಲ. ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ.

ಉತ್ತರ: ನವನಗರದ ಕಾಕಾ, ಬಾಗಲಕೋಟೆ

ಮೇಡಂ, ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಎರಡು ಮಾತು ಸೇರಿಸ್ತೀನಿ.

ಬ್ಯಾಂಕ್ ಖಾತೆಯಿಂದ ದುಡ್ಡು ಹೋದದ್ದು ಕಂಡರೆ ಶಾಖೆ ತೆರೆಯಲಿ ಅಂತ ಬೆಳಗಿನವರೆಗೆ ಕಾಯಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಸಹಾಯವಾಣಿ ಅದು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲೇ ತಿಳಿಸಿದರೆ ನಡುವೆ ತಡೆಯೋಕೆ ಅವಕಾಶ ಇರುತ್ತೆ. ವ್ಯವಹಾರದ ನಂಬರ್, ಸಮಯ, ಮೊತ್ತ ಕೈಯಲ್ಲಿಟ್ಟುಕೊಂಡು ಮಾತಾಡಿ.

ಇನ್ನೊಂದು, ಕಂಪ್ಯೂಟರ್ ಪೂರ್ತಿ ಪರದೆ ತುಂಬಿ 'ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಮೈಕ್ರೋಸಾಫ್ಟ್‌ನ ಈ ನಂಬರಿಗೆ ಕರೆ ಮಾಡಿ' ಅಂತ ಕೂಗಿಕೊಂಡು ಬರೋದೂ ಇದೆ. ನಿಜವಾದ ಮೈಕ್ರೋಸಾಫ್ಟ್ ಸಂದೇಶದಲ್ಲಿ ಫೋನ್ ನಂಬರ್ ಇರೋದಿಲ್ಲ. ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ ಮುಚ್ಚಿಬಿಡಿ. ಕರೆ ಮಾಡಿದರೆ ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸೋಕೆ ಬಿಡುವ ಎನಿಡೆಸ್ಕ್ ಅನ್ನುವ ಪ್ರೋಗ್ರಾಂ ಹಾಕಿಸಿ ನಿಮ್ಮ ಕಣ್ಣೆದುರೇ ಖಾತೆ ಖಾಲಿ ಮಾಡ್ತಾರೆ.

ರಿಪೇರಿಯವರೇ, ನೀವು ದುಡ್ಡು ಕೊಟ್ಟು ಆಂಟಿವೈರಸ್ ತಗೊಳ್ಳೋದರ ಬಗ್ಗೆ ಏನೂ ಹೇಳಲಿಲ್ಲ. ನಾನು ಪ್ರತಿ ವರ್ಷ ತಗೊಳ್ತೀನಿ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಎಲ್ಲ ನಮ್ಮ ದೇಶದವೇ. ಏನಾದರೂ ಆದರೆ ಫೋನ್ ಮಾಡಿ ಕೇಳಬಹುದು. ವಯಸ್ಸಾದವರಿಗೆ ಅದು ದೊಡ್ಡ ಧೈರ್ಯ. ಬೇಡ ಅಂತೀರಾ?

ರಿಪೇರಿಯವ, ವಿಜಯಪುರ

ಬೇಡ ಅನ್ನೋದಿಲ್ಲ ಕಾಕಾ. ಫೋನ್‌ನಲ್ಲಿ ಸಹಾಯ ಬೇಕು ಅನ್ನುವವರು ತಗೊಳ್ಳಲಿ. ಆದರೆ ಈ ಟೀಚರ್ ಮನೆಯ ಕೇಸ್ ನೋಡಿ. ಎಷ್ಟೇ ದುಬಾರಿ ಆಂಟಿವೈರಸ್ ಇದ್ದರೂ ಹುಡುಗ ಅದನ್ನೂ ಆಫ್ ಮಾಡಿಯೇ ಕ್ರ್ಯಾಕ್ ಹಾಕ್ತಿದ್ದ. ಅದಕ್ಕೇ ನಾನು ಮೊದಲು ಆ ಬಾಗಿಲು ಮುಚ್ಚಿ ಅಂತೀನಿ. ವಿಂಡೋಸ್ ಜೊತೆ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕು, ಅದನ್ನು ಯಾರೂ ಕೈಯಾರೆ ಆಫ್ ಮಾಡದಿದ್ದರೆ. ತಗೊಂಡವರು ಒಂದು ನೆನಪಿಡಬೇಕು. ಬೇರೆ ಆಂಟಿವೈರಸ್ ಹಾಕಿದಾಗ ಡಿಫೆಂಡರ್ ತಾನು ಪಕ್ಕಕ್ಕೆ ಸರಿಯುತ್ತೆ. ಅವಧಿ ಮುಗಿದದ್ದನ್ನು ಹಾಗೇ ಬಿಡಬೇಡಿ. ರಿನ್ಯೂ ಮಾಡಿ, ಇಲ್ಲಾಂದ್ರೆ ಪೂರ್ತಿ ತೆಗೆದುಹಾಕಿ. ಒಂದು ಸಲ ಹುಡುಕಿ ತೆಗೆಯೋಕೆ ಮಾತ್ರ ಬೇಕು ಅಂದರೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟ್‌ನಲ್ಲಿ ಉಚಿತ ಟೂಲ್‌ಗಳಿವೆ.

ಟೀಚರ್, ಹೊಸ ವಿಂಡೋಸ್ ಹಾಕಿದ ದಿನವೇ ಎರಡು ಅಕೌಂಟ್ ಮಾಡಿ. ಒಂದು ಅಡ್ಮಿನ್, ಅದರ ಪಾಸ್‌ವರ್ಡ್ ನಿಮಗೆ ಮಾತ್ರ. ದಿನನಿತ್ಯದ ಕೆಲಸಕ್ಕೆ ನಿಮಗೂ ಮಗನಿಗೂ 'ಸ್ಟ್ಯಾಂಡರ್ಡ್' ಅಕೌಂಟ್. ಆಗ ಏನಾದರೂ ಇನ್‌ಸ್ಟಾಲ್ ಆಗಬೇಕಾದರೆ, ಡಿಫೆಂಡರ್ ಆಫ್ ಆಗಬೇಕಾದರೆ ನಿಮ್ಮ ಪಾಸ್‌ವರ್ಡ್ ಕೇಳುತ್ತೆ. 'ಅಮ್ಮಾ, ಪಾಸ್‌ವರ್ಡ್ ಹಾಕು' ಅಂತ ಅವನು ಕರೆದಾಗ 'ಏನು ಹಾಕ್ತಿದ್ದೀಯಪ್ಪ' ಅಂತ ಒಂದು ಮಾತು ಕೇಳಿದರೆ ಸಾಕು.

ಮತ್ತೆ, ವಿಂಡೋಸ್ ಸೆಕ್ಯೂರಿಟಿಯಲ್ಲಿ 'ರಾನ್ಸಮ್‌ವೇರ್ ಪ್ರೊಟೆಕ್ಷನ್' ಒಳಗೆ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಇದೆ. ಅದು ಮೊದಲಿನಿಂದ ಆಫ್ ಇರುತ್ತೆ. ಆನ್ ಮಾಡಿ. ಗುರುತಿಲ್ಲದ ಪ್ರೋಗ್ರಾಂ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರಿನಲ್ಲಿ ಏನನ್ನೂ ಬದಲಿಸೋಕೆ ಬಿಡೋದಿಲ್ಲ. ಮೊದಲ ದಿನ ನುಡಿಯನ್ನೂ ತಡೆಯಬಹುದು, ಸೇವ್ ಆಗ್ತಿಲ್ಲ ಅಂತ ಗಾಬರಿ ಆಗಬೇಡಿ. ಅಲ್ಲೇ 'ಅಲೋ ಆನ್ ಆ್ಯಪ್' ಅಂತ ಇದೆ, ನುಡಿಯನ್ನು ಸೇರಿಸಿ.

ಬೆಳಗಾವಿ ಹುಡುಗ

ಟೀಚರ್ ಮಗನಿಗೆ ಒಂದು ಮಾತು. ಇತ್ತೀಚೆಗೆ ಡೌನ್‌ಲೋಡ್ ಸೈಟುಗಳಲ್ಲಿ 'ನಾನು ರೋಬೋಟ್ ಅಲ್ಲ' ಅನ್ನುವ ಡಬ್ಬಿ ಒತ್ತಿದ ಮೇಲೆ, 'ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ' ಅಂತ ಹೇಳುವ ಪುಟ ಬರುತ್ತೆ. ಯಾವ ನಿಜವಾದ ಸೈಟೂ ಹಾಗೆ ಕೇಳೋದಿಲ್ಲ. ಆ ಪುಟ ಮೊದಲೇ, ಕಾಪಿ ಮಾಡಿದ್ದು ಕೂರುವ ನಮ್ಮ ಕ್ಲಿಪ್‌ಬೋರ್ಡಿಗೆ ಒಂದು ಕಮಾಂಡ್ ಹಾಕಿಟ್ಟಿರುತ್ತೆ. ನಮ್ಮ ಕೈಯಿಂದಲೇ ನಮ್ಮ ಕಂಪ್ಯೂಟರ್‌ನಲ್ಲಿ ಓಡಿಸ್ತಾರೆ. ಸರ್ ಹೇಳಿದ ಲುಮ್ಮಾ ಈ ದಾರಿಯಲ್ಲೂ ಬರುತ್ತೆ. ನಮ್ಮ ಕ್ಲಾಸಿನವನೊಬ್ಬನ ಇನ್‌ಸ್ಟಾಗ್ರಾಂ ಹೀಗೇ ಹೋಯ್ತು. ಗೇಮ್ ಬೇಕಾದರೆ ಸ್ಟೀಮ್‌ನಲ್ಲಿ ಉಚಿತವಾದವೇ ಬೇಕಾದಷ್ಟಿವೆ ತಮ್ಮಾ. ಎಪಿಕ್ ಸ್ಟೋರ್‌ನಲ್ಲೂ ಆಗಾಗ ದುಡ್ಡಿನ ಗೇಮ್‌ಗಳನ್ನು ಫ್ರೀ ಕೊಡ್ತಾರೆ.

ಜಮಖಂಡಿ ಟೀಚರ್

ಪಾಸ್‌ವರ್ಡ್‌ಗಳೆಲ್ಲ ಮೊಬೈಲ್‌ನಿಂದ ಬದಲಿಸಿದೆವು. ಆಕ್ಟಿವೇಶನ್‌ನಲ್ಲಿ ಡಿಜಿಟಲ್ ಲೈಸೆನ್ಸ್ ಅಂತಲೇ ಇದೆ. ಹಾರ್ಡ್‌ಡಿಸ್ಕ್ ತಂದಿದ್ದೀವಿ, ಮಗನೇ ಕೂತು ಕಾಪಿ ಮಾಡ್ತಿದ್ದಾನೆ.

ಎರಡು ಅನುಮಾನ ಉಳಿದಿವೆ. ಜೆರಾಕ್ಸ್ ಅಂಗಡಿಗೆ ಪ್ರಶ್ನೆಪತ್ರಿಕೆ ಹೇಗೆ ಕೊಡೋದು? ವಾಟ್ಸಾಪ್ ಮಾಡಿ ಅಂತಾರೆ, ಆದರೆ ಪರೀಕ್ಷೆಗೆ ಮುಂಚೆ ಪತ್ರಿಕೆ ಅವರ ಫೋನಿನಲ್ಲಿ ಉಳಿಯೋದು ನನಗೆ ಒಪ್ಪಿಗೆ ಇಲ್ಲ. ಇನ್ನೊಂದು, ವಿಂಡೋಸ್ 10 ಇನ್ನು ನಡೆಯೋದಿಲ್ಲ ಅಂತಾರಲ್ಲ, ಅದನ್ನೇ ಮತ್ತೆ ಹಾಕಿ ಏನು ಉಪಯೋಗ?

ರಿಪೇರಿಯವ, ವಿಜಯಪುರ

ಪ್ರಶ್ನೆಪತ್ರಿಕೆ ವಿಷಯದಲ್ಲಿ ನಿಮ್ಮ ಮಾತೇ ಸರಿ, ವಾಟ್ಸಾಪ್ ಬೇಡ. ಅಂಗಡಿಗೆ ಅಂತಲೇ ಒಂದು ಸಣ್ಣ ಪೆನ್‌ಡ್ರೈವ್ ಬೇರೆ ಇಡಿ. ಅದರಲ್ಲಿ ಆವತ್ತಿನ ಒಂದು ಪಿಡಿಎಫ್ ಬಿಟ್ಟು ಬೇರೆ ಏನೂ ಇರಬಾರದು. ಪಿಡಿಎಫ್ ಮಾಡಿದರೆ ನುಡಿ ಅಕ್ಷರಗಳೂ ಅವರ ಕಂಪ್ಯೂಟರ್‌ನಲ್ಲಿ ಒಡೆಯೋದಿಲ್ಲ. ಪ್ರಿಂಟ್ ಆಗುವಾಗ ಪಕ್ಕದಲ್ಲೇ ನಿಂತಿರಿ, ಅವರ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿಕೊಂಡಿದ್ದರೆ ಅಳಿಸಿ, ರಿಸೈಕಲ್ ಬಿನ್‌ನಿಂದಲೂ ತೆಗೆಯೋಕೆ ಹೇಳಿ. ಮನೆಗೆ ತಂದ ಮೇಲೆ ಆ ಪೆನ್‌ಡ್ರೈವ್ ತೆರೆಯಲೇಬೇಡಿ. ಹಾಕಿ, ಅದರ ಮೇಲೆ ಬಲಗಡೆ ಕ್ಲಿಕ್ ಮಾಡಿ, ನೇರವಾಗಿ ಫಾರ್ಮ್ಯಾಟ್. ಸೆಟ್ಟಿಂಗ್ಸ್‌ನಲ್ಲಿ ಹಾಕಿದ ಕೂಡಲೇ ತಾನಾಗಿ ತೆರೆಯುವ ಆಟೋಪ್ಲೇ ಆಫ್ ಮಾಡಿಟ್ಟಿರಿ. ಅಂಗಡಿಯವರನ್ನು ದೂರೋದಿಲ್ಲ ನಾನು. ದಿನಕ್ಕೆ ಊರಿನ ಎಲ್ಲರ ಪೆನ್‌ಡ್ರೈವೂ ಅವರ ಮಷೀನಿಗೆ ಬೀಳುತ್ತೆ, ಅವರಾದರೂ ಏನು ಮಾಡ್ತಾರೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ಮನೆ ಬಳಕೆಯವರಿಗೆ ಒಂದು ವರ್ಷದ ಹೆಚ್ಚುವರಿ ಸೆಕ್ಯೂರಿಟಿ ಅಪ್‌ಡೇಟ್ ಯೋಜನೆ ಇದೆ, 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ 'ಎನ್‌ರೋಲ್' ಅಂತ ಕಾಣುತ್ತೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಉಚಿತ. ಇದನ್ನು ಬಿಡಬೇಡಿ. 2017ರ ಮೇ 12ರಂದು ವಾನಾಕ್ರೈ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿತಲ್ಲ, ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು. ಎರಡು ತಿಂಗಳು ಅದನ್ನು ಹಾಕದೇ ಇದ್ದವರೇ ಸಿಕ್ಕಿಬಿದ್ದರು.

2017ರ ಮಷೀನಿಗೆ ವಿಂಡೋಸ್ 11 ಕೂರೋದು ಕಷ್ಟ. ಅದು ಹೆಚ್ಚಾಗಿ ಇಂಟೆಲ್ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಕೇಳುತ್ತೆ. ಅಡ್ಡದಾರಿಯಲ್ಲಿ ಹಾಕ್ಕೊಡ್ತೀವಿ ಅನ್ನುವವರ ಮಾತು ಕೇಳಬೇಡಿ. ಮುಂದೆ ಹೊಸದು ತಗೊಳ್ಳೋಕೆ ಆಗದಿದ್ದರೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ಇದೆ, ಉಚಿತ, ಹಳೇ ಮಷೀನಿನಲ್ಲೂ ಓಡುತ್ತೆ. ನುಡಿಯಲ್ಲಿ ನಿಮಗೆ ರೂಢಿ ಇರುವ ಕಗಪ ಕೀಲಿಮಣೆ ಅದರಲ್ಲೇ ಸಿಗುತ್ತೆ. ನುಡಿ ತಂತ್ರಾಂಶ ವಿಂಡೋಸ್‌ನದ್ದು, ಅಲ್ಲಿ ಸಿಗೋದಿಲ್ಲ. ಅದಕ್ಕೆ ಈಗಿನಿಂದಲೇ ಹೊಸ ಪತ್ರಿಕೆಗಳನ್ನು, ಎಲ್ಲ ಕಂಪ್ಯೂಟರಿನಲ್ಲೂ ಓದೋಕೆ ಬರುವ ಯೂನಿಕೋಡ್‌ನಲ್ಲಿ ಟೈಪ್ ಮಾಡ್ತಾ ಹೋಗಿ, ಹಳೇದನ್ನು ನುಡಿಯ ಕನ್ವರ್ಟರ್‌ನಿಂದ ಬಿಡುವಿದ್ದಾಗ ಬದಲಿಸಿಕೊಳ್ಳಿ.

ಬ್ಯಾಕಪ್ ಹಾರ್ಡ್‌ಡಿಸ್ಕ್ ವಾರಕ್ಕೊಮ್ಮೆ ಚುಚ್ಚಿ, ಕಾಪಿ ಮಾಡಿ, ತೆಗೆದು ಬೀರುವಿನಲ್ಲಿಡಿ. ಪ್ರಶ್ನೆಪತ್ರಿಕೆ, ಲೆಕ್ಕದ ಫೋಲ್ಡರ್ ಎರಡನ್ನೂ ಗೂಗಲ್ ಡ್ರೈವ್‌ಗೂ ಹಾಕಿ. 15 ಜಿಬಿ ಉಚಿತ, ನಿಮ್ಮ ಫೈಲುಗಳಿಗೆ ಅದು ಧಾರಾಳ. ಅಲ್ಲಿ ಫೈಲ್ ಬದಲಾದರೂ ಹಳೇ ಆವೃತ್ತಿ 30 ದಿನ ಇರುತ್ತೆ, ತಿರುಗಿ ತಗೋಬಹುದು.

ಅಳಿಸುವ ಮೊದಲು ಡಿ ಡ್ರೈವ್‌ನ ಮೂಲೆ ಮೂಲೆ ನೋಡಿ. ಡೆಸ್ಕ್‌ಟಾಪ್ ಮೇಲೆ, ಡೌನ್‌ಲೋಡ್ಸ್ ಒಳಗೆ ಮನೆಯವರ ಲೆಕ್ಕದ ಫೈಲ್ ಇರೋದು ಜಾಸ್ತಿ, ಅದನ್ನು ಅವರನ್ನೇ ಕೂರಿಸಿಕೊಂಡು ಹುಡುಕಿ. ಹಾರ್ಡ್‌ಡಿಸ್ಕ್‌ಗೆ ಹೋದ ಒಂದೆರಡು ಫೈಲ್ ತೆರೆದು ನೋಡಿಯೇ ಮುಂದುವರಿಯಿರಿ. ಇನ್‌ಸ್ಟಾಲ್ ಮಾಡುವಾಗ ಎಲ್ಲಾದರೂ ನಿಂತರೆ ಪರದೆಯ ಫೋಟೋ ತೆಗೆದು ಇಲ್ಲಿ ಹಾಕಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡ್ತೀನಿ.